ದರ್ಶನವೂ ವಿಶ್ವಾಸವೂ

“ಫಾದರ್, ಮಾತೆ ಖರೇನ ಕಾಣಿಸಿಕೊಂಡಿದ್ದಳೇನ್ರಿ?” ವೇಲಾಂಕಣ್ಣಿಗೆ ಹರಕೆ ಸಲ್ಲಿಸಿ ಅಗರಖೇಡಕ್ಕೆ ಮರಳಿದ ತಾಯಿಯೊಬ್ಬರು ಕೇಳಿದರು. ಮಗನ ಕಾಯಿಲೆ ವಾಸಿಯಾಗಿರಲಿಲ್ಲ. ಸಂಶಯಪಟ್ಟರೆ ಪಾಪವಾದೀತೆಂಬ ಅಂಜಿಕೆ ಅವರಿಗೆ.

ಪಾಪವಲ್ಲ. ದೈವಪ್ರಕಟನೆಯು ಕ್ರಿಸ್ತರಲ್ಲಿ ಪೂರ್ಣಗೊಂಡಿದೆ. ಅನಂತರದ ದರ್ಶನಗಳೆಲ್ಲ ಖಾಸಗಿ ಪ್ರಕಟನೆಗಳು. ಅವುಗಳನ್ನು ನಂಬಲೇಬೇಕೆಂದು ಧರ್ಮಸಭೆ ಯಾರನ್ನೂ ಕಡ್ಡಾಯಪಡಿಸುವುದಿಲ್ಲ. 1858ರಲ್ಲಿ ಲೂರ್ದಿನ ಗವಿಯಲ್ಲಿ 14ರ ಬಾಲೆ ಬರ್ನದೆತ್ತಳಿಗೆ 18 ಸಲ ದರ್ಶನವಾಯಿತು. ಅಲ್ಲಿನ ಧರ್ಮಾಧ್ಯಕ್ಷರು ಅದನ್ನು ಅಂಗೀಕರಿಸಿದ್ದು ವಿಚಾರಣೆಯ ತರುವಾಯ, 1862ರಲ್ಲಿ. 1933ರಲ್ಲಿ ಆಕೆಗೆ ಸಂತಪದವಿ ದೊರೆತದ್ದಾದರೂ ಕಂಡ ದರ್ಶನಕ್ಕಲ್ಲ, ಬಾಳಿದ ಬಾಳಿಗೆ. ಆ ಚಿಲುಮೆಯ ನೀರಿನಿಂದ ಅನ್ಯರು ಗುಣಹೊಂದಿದರೆಂಬ ಸುದ್ದಿ ಹಬ್ಬುತ್ತಿದ್ದಾಗಲೂ ಆಕೆ ಉಬ್ಬಸದಿಂದ ನರಳುತ್ತಿದ್ದಳು, 35ಕ್ಕೇ ತೀರಿಕೊಂಡಳು.

ವ್ಯಾಟಿಕನ್ 2024ರ ಮೇ ತಿಂಗಳಿನಲ್ಲಿ ಹೊರಡಿಸಿದ ನಿಯಮಗಳು ಇನ್ನೂ ಎಚ್ಚರಿಕೆಯವು. ಸಾಮಾನ್ಯವಾಗಿ ಘಟನೆಯನ್ನು ಅಲೌಕಿಕವೆಂದು ಘೋಷಿಸುವುದಿಲ್ಲ. ಅದರ ಫಲವನ್ನು ಪರಿಶೀಲಿಸಿ, ಭಕ್ತಿಗೆ ಅಡ್ಡಿಯಿದೆಯೋ ಇಲ್ಲವೋ ಎಂದಷ್ಟೇ ತಿಳಿಸುತ್ತಾರೆ. ಅದೇ ಆಗಸ್ಟಿನಲ್ಲಿ ವೇಲಾಂಕಣ್ಣಿಯ ಭಕ್ತಿಯನ್ನು ಮೆಚ್ಚಿದ ಪತ್ರವೊಂದು ತಂಜಾವೂರಿನ ಧರ್ಮಾಧ್ಯಕ್ಷರಿಗೆ ಬಂದಿತು. ಅನ್ಯಧರ್ಮೀಯ ಯಾತ್ರಿಕರನ್ನೂ ಅದು ಮರೆತಿಲ್ಲ.

ಇಷ್ಟೆಲ್ಲ ತತ್ತ್ವ ಆ ತಾಯಿಗೆ ಬೇಕಿತ್ತೋ ಇಲ್ಲವೋ, ನಾನಂತೂ ಹೇಳಿದೆ. ಬರುವ ವರ್ಷವೂ ಹೋಗಿಬರುವೆನೆಂದರು, ಮಗನನ್ನೂ ಕರೆದುಕೊಂಡು.