ಹೊಸ ಡೇರೆ ಮೊದಲು ತಾರಸಿಯಲ್ಲಿ ಏಳಲಿ

ಹೊಸ ಡೇರೆ ಮನೆಗೆ ಬಂದ ದಿನ ಮಕ್ಕಳ ಸಂಭ್ರಮ ಕೇಳಬೇಕೆ? ಚೀಲ ಬಿಚ್ಚಿ ಎಲ್ಲವನ್ನೂ ನೆಲದ ಮೇಲೆ ಸುರಿದದ್ದೂ ಆಯಿತು. ಮಡಿಸಿದ ಬಟ್ಟೆ, ರಬ್ಬರ್ ದಾರದಲ್ಲಿ ಪೋಣಿಸಿದ ಕಡ್ಡಿಗಳು, ಒಂದು ಹಿಡಿ ಗೂಟ, ಸಿಕ್ಕುಸಿಕ್ಕಾದ ಹಗ್ಗ. ‘ಇದೇನು ಮಹಾ, ಬೆಟ್ಟಕ್ಕೆ ಹೋದ ಮೇಲೆ ನೋಡಿಕೊಂಡರಾಯಿತು’ ಎಂದು ಅಪ್ಪ ಎಲ್ಲವನ್ನೂ ಮತ್ತೆ ಚೀಲಕ್ಕೆ ತುರುಕುತ್ತಾರೆ. ತಪ್ಪಾಗುವುದು ಇಲ್ಲೇ. ಚಾರಣ ತಡವಾಗಿ, ಕತ್ತಲು ಕವಿದು, ಮಳೆ ಹನಿಯತೊಡಗಿದಾಗ ಯಾವ ಕಡ್ಡಿ ಎಲ್ಲಿಗೆ ಎಂದು ಟಾರ್ಚ್ ಹಿಡಿದು ತಡಕಾಡುವ ಪಾಡು ಯಾರಿಗೂ ಬೇಡ.

ಹೊಸ ಡೇರೆಯ ಮೊದಲ ಪರೀಕ್ಷೆ ಮನೆಯಂಗಳದಲ್ಲೋ ತಾರಸಿಯಲ್ಲೋ ನಡೆಯಬೇಕು. ತಾರಸಿಯಲ್ಲಿ ಗೂಟ ಹೊಡೆಯಲಾಗದು, ನಿಜ. ನೀರು ತುಂಬಿದ ಕ್ಯಾನುಗಳಿಗೆ ಹಗ್ಗ ಕಟ್ಟಿದರೆ ಅಭ್ಯಾಸಕ್ಕೆ ಅಷ್ಟು ಸಾಕು.

ಬಿಲ್ಲಿನ ಗುಟ್ಟು

ಇಂದು ಹೆಚ್ಚಾಗಿ ಸಿಗುವುದು ಗುಮ್ಮಟದಾಕಾರದ ಡೇರೆ. ಒಳಡೇರೆ, ಮೇಲುಹೊದಿಕೆ ಎಂದು ಅದಕ್ಕೆ ಸಾಮಾನ್ಯವಾಗಿ ಎರಡು ಪದರ. ಗೂಟ, ಕಡ್ಡಿ, ಹಗ್ಗಗಳನ್ನು ಎಣಿಸಿ, ಲೆಕ್ಕ ಬರೆದ ಚೀಟಿಯನ್ನು ಚೀಲದಲ್ಲೇ ಇಡುವುದು ಮೊದಲ ಕೆಲಸ. ಕೆಳಗೆ ಹಾಸುವ ಟಾರ್ಪಾಲು ಡೇರೆಯ ತಳಕ್ಕಿಂತ ತುಸು ಚಿಕ್ಕದಿರಲಿ. ಅಂಚು ಹೊರಗೆ ಚಾಚಿದರೆ ಮಳೆನೀರನ್ನು ಹಿಡಿದು ಮಲಗಿದವರ ಬೆನ್ನಡಿಗೇ ಹರಿಸುತ್ತದೆ.

ಲಾಡಿ ಪೋಣಿಸುವಂತೆ ಕಡ್ಡಿಯನ್ನು ಬಟ್ಟೆಯ ಕೊಳವೆಯೊಳಗೆ ತೂರಿಸಬೇಕು. ಆದರೆ ಲಾಡಿಯಂತೆ ಆ ಕಡೆಯಿಂದ ಎಳೆಯಬಾರದು. ತುಂಡುಗಳು ಒಳಗೇ ಕಳಚಿಕೊಳ್ಳುತ್ತವೆ. ಈ ಕಡೆಯಿಂದ ದೂಡುತ್ತಾ ಹೋಗಬೇಕು. ಎರಡೂ ಕಡ್ಡಿಗಳು ನೆತ್ತಿಯಲ್ಲಿ ಒಂದನ್ನೊಂದು ಹಾಯ್ದ ಮೇಲೆ, ಇಬ್ಬರು ಎದುರುಬದುರು ಮೂಲೆಗಳಲ್ಲಿ ನಿಂತು ನಿಧಾನವಾಗಿ ಬಗ್ಗಿಸಿ ತುದಿಗಳನ್ನು ಸಿಗಿಸಬೇಕು. ಚಪ್ಪಟೆ ಬಿದ್ದಿದ್ದ ಬಟ್ಟೆ ಆಗ ಥಟ್ಟನೆ ಎದ್ದು ನಿಲ್ಲುತ್ತದೆ.

ನಿಲ್ಲುವುದಾದರೂ ಹೇಗೆ? ಬಾಗಿದ ಕಡ್ಡಿ ನೆಟ್ಟಗಾಗಲು ಹವಣಿಸುತ್ತದೆ, ಕೆಳಗಿನ ಬಟ್ಟೆ ಬಿಡದೆ ಹಿಡಿದೆಳೆಯುತ್ತದೆ. ಬಿಲ್ಲು ಮತ್ತು ಹೆದೆಯ ಈ ಜಗ್ಗಾಟವೇ ಡೇರೆಯ ಬಲ. ಪಠ್ಯಪುಸ್ತಕದ ಸ್ಥಿತಿಸ್ಥಾಪಕತ್ವದ ಪಾಠ ಇಲ್ಲಿ ಕೈಗೇ ತಾಗುತ್ತದೆ.

ಗಾಳಿಗೆ ಹೆದರಿದ ಬೋವರ್ಸ್

ಬೆಟ್ಟದಲ್ಲಿ ಗೂಟಗಳೇ ಆಧಾರ. ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿರಬೇಕು. ಸುಮಾರು 45 ಡಿಗ್ರಿ ಓರೆ ಇದ್ದರೆ ಒಳ್ಳೆಯದು. ಬಾಗಿಲು ಗಾಳಿಗೆ ಎದುರಾಗಿರಬಾರದು.

1911ರಲ್ಲಿ ಕ್ಯಾಪ್ಟನ್ ಸ್ಕಾಟ್ ತಂಡದ ವಿಲ್ಸನ್, ಬೋವರ್ಸ್ ಮತ್ತು ಚೆರಿ-ಗ್ಯಾರರ್ಡ್ ಎಂಪರರ್ ಪೆಂಗ್ವಿನ್ ಮೊಟ್ಟೆಗಳಿಗಾಗಿ ಅಂಟಾರ್ಕ್ಟಿಕದ ನಡುಚಳಿಗಾಲದ ಕತ್ತಲಲ್ಲಿ ನಡೆದು ಹೋದರು. ಬಿರುಗಾಳಿ ಅವರ ಡೇರೆಯನ್ನೇ ಹೊತ್ತೊಯ್ದಿತು. ಡೇರೆಯಿಲ್ಲದೆ ಜೀವಂತ ಮರಳುವ ಆಸೆ ಅವರಿಗಿರಲಿಲ್ಲ. ಗಾಳಿ ತಗ್ಗಿದ ಮೇಲೆ ಅದೃಷ್ಟವಶಾತ್ ಅದು ಇಳಿಜಾರಿನ ಬುಡದಲ್ಲಿ ಸಿಕ್ಕಿತು. ಹಿಂದಿರುಗುವಾಗ ಬೋವರ್ಸ್ ಡೇರೆಗೆ ಹಗ್ಗ ಬಿಗಿದು ತನ್ನ ಮೈಗೇ ಕಟ್ಟಿಕೊಂಡು ಮಲಗಿದರು! ನಮ್ಮ ಬೆಟ್ಟಗಳಲ್ಲಿ ಅಷ್ಟು ಬೇಕಾಗದು. ಆದರೆ ‘ಇವತ್ತು ಗಾಳಿಯೇ ಇಲ್ಲವಲ್ಲ’ ಎಂದು ಹಗ್ಗ ಕಟ್ಟದೆ ಮಲಗುವ ಸೋಮಾರಿತನವೂ ಸಲ್ಲದು.

ಸೋರಿಕೆಯೋ, ಉಸಿರೋ?

ಡೇರೆ ನಿಂತ ಮೇಲೆ ಮೇಲಿನಿಂದ ಎರಡು ಬಕೆಟ್ ನೀರು ಸುರಿದು ನೋಡಿ. ಹೊಲಿಗೆಯಲ್ಲಿ ಎಲ್ಲಿ ಜಿನುಗುತ್ತದೆಂಬುದು ಮನೆಯಲ್ಲೇ ತಿಳಿದರೆ ಸರಿಪಡಿಸಲು ಸಮಯವಿರುತ್ತದೆ. ಮಳೆಯಿಲ್ಲದ ರಾತ್ರಿಯೂ ಬೆಳಗ್ಗೆ ಒಳಗೆ ಹನಿ ಕಂಡರೆ ಗಾಬರಿ ಬೇಡ. ಅದು ಮಲಗಿದವರ ಉಸಿರಿನ ತೇವ, ತಣ್ಣನೆಯ ಬಟ್ಟೆಗೆ ತಾಗಿ ನೀರಾದದ್ದು. ಗಾಳಿಕಿಂಡಿ ತೆರೆದಿಡುವುದೇ ಇದಕ್ಕೆ ಮದ್ದು.

ಪ್ರಾಣದ ಪ್ರಶ್ನೆ

ಪೋಷಕರು ಮಕ್ಕಳಿಗೆ ಒತ್ತಿ ಹೇಳಬೇಕಾದ ಮಾತೊಂದಿದೆ. ಎಷ್ಟೇ ಚಳಿಯಿರಲಿ, ಮಳೆಯಿರಲಿ, ಡೇರೆಯೊಳಗೆ ಸ್ಟವ್ ಹಚ್ಚಬಾರದು, ಕೆಂಡ ಇಡಬಾರದು. ಬೆಂಕಿಯ ಅಪಾಯ ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಮೋಸದ್ದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರನ್ನು ಎಚ್ಚರಗೊಳ್ಳಲೂ ಬಿಡದೆ ಕೊಲ್ಲಬಲ್ಲದು.

ಜಾಗದ ಆಯ್ಕೆಯೂ ಅಷ್ಟೇ ಮುಖ್ಯ. ಒಣಗಿದ ಹಳ್ಳ ನುಣುಪಾಗಿ ಕಂಡರೂ ಮೇಲೆಲ್ಲೋ ಸುರಿದ ಮಳೆಗೆ ರಾತ್ರೋರಾತ್ರಿ ತುಂಬಿ ಬರಬಹುದು. ಒಂಟಿ ಮರದಡಿ ಸಿಡಿಲಿನ ಭಯ, ತೆಂಗಿನ ಮರದಡಿ ಕಾಯಿಯ ಭಯ. ಮಲೆನಾಡಿನಲ್ಲಿ ಉಣುಗುಗಳ ಬಗ್ಗೆ ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಅವುಗಳ ಕಡಿತದಿಂದಲೇ ಹರಡುತ್ತದೆ. ಕಾಡಿನಲ್ಲಿ ಡೇರೆ ಹಾಕಲು ಅರಣ್ಯ ಇಲಾಖೆಯ ಅನುಮತಿಯಂತೂ ಬೇಕೇ ಬೇಕು.

ಬಿಚ್ಚುವಾಗಲೂ ಆತುರ ಬೇಡ. ಕಡ್ಡಿಯನ್ನು ನಡುವಿನಿಂದ ಮಡಚುತ್ತಾ ಬಂದರೆ ಒಳಗಿನ ರಬ್ಬರ್ ದಾರ ಒಂದೇ ಕಡೆ ಜಗ್ಗುವುದಿಲ್ಲ. ಒದ್ದೆ ಬಟ್ಟೆಯನ್ನು ಹಾಗೇ ಸುತ್ತಿಟ್ಟರೆ ಬೂಸ್ಟು ಹಿಡಿಯುತ್ತದೆ. ಮನೆಗೆ ಬಂದೊಡನೆ ಹರವಿ ಒಣಗಿಸಬೇಕು.

ಕೊನೆಯದಾಗಿ ಅಪ್ಪ-ಅಮ್ಮಂದಿರಿಗೆ ಒಂದು ಕಿವಿಮಾತು. ಮೊದಲ ಸಲ ಕಡ್ಡಿ ಅಡ್ಡಾದಿಡ್ಡಿಯಾಗಬಹುದು, ಹೊದಿಕೆ ತಿರುವುಮುರುವಾಗಬಹುದು. ‘ಕೊಡು ಇಲ್ಲಿ’ ಎಂದು ಕಿತ್ತುಕೊಳ್ಳದೆ ಪಕ್ಕದಲ್ಲಿ ಕುಳಿತು ನೋಡಿ. ಮಕ್ಕಳೇ ಬಿಚ್ಚಿ ಮತ್ತೆ ಕಟ್ಟಲಿ. ಆ ರಾತ್ರಿ ತಾವೇ ನಿಲ್ಲಿಸಿದ ಸೂರಿನಡಿ ತಾರಸಿಯಲ್ಲೇ ಮಲಗಲಿ. ಬೇಜಾರಾದರೆ ಕೆಳಗಿಳಿದು ಬರಲು ಮನೆಯ ಮೆಟ್ಟಿಲು ಇದ್ದೇ ಇದೆ. ಬೆಟ್ಟದಲ್ಲಿ ಆ ಮೆಟ್ಟಿಲು ಇರುವುದಿಲ್ಲ.