ಕಪ್ಪು ಬೇರೆ, ಕತ್ತಲೆ ಬೇರೆ



ಸಣ್ಣ ಕೋಣೆಗೆ ಬಿಳಿಯ ಬಣ್ಣವೇ ಸರಿ ಎಂಬುದು ಮನೆ ಕಟ್ಟುವವರೆಲ್ಲ ಬಹುಕಾಲದಿಂದ ಒಪ್ಪಿಕೊಂಡು ಬಂದ ಸೂತ್ರ. ಮಲಗುವ ಕೋಣೆಗೆ ಅಂಟಿಕೊಂಡ ಸ್ನಾನದ ಮನೆ ಏಳಡಿ ಉದ್ದ, ನಾಲ್ಕಡಿ ಅಗಲದ್ದಾಗಿದ್ದರಂತೂ ಈ ಸೂತ್ರವನ್ನು ಮೀರುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಈಚೆಗೆ ಹಳೆಯ ಮನೆಗಳನ್ನು ನವೀಕರಿಸುವವರು ಅದನ್ನು ಮೀರುತ್ತಿದ್ದಾರೆ. ಗೋಡೆಗೆ ಇದ್ದಿಲ ಬಣ್ಣ, ಕಡುನೀಲಿ, ಕಡುಹಸುರು ಬೇಕೆಂದು ಮನೆಯ ಕಿರಿಯರು ಹಟ ಹಿಡಿಯುತ್ತಾರೆ; ‘ಇದೇನು ಬಚ್ಚಲೋ ಗವಿಯೋ’ ಎಂದು ಹಿರಿಯರು ಮುಖ ಸಿಂಡರಿಸುತ್ತಾರೆ. ಈ ವ್ಯಾಜ್ಯದಲ್ಲಿ ಎರಡು ಪಕ್ಷಕ್ಕೂ ಸ್ವಲ್ಪ ಸ್ವಲ್ಪ ನ್ಯಾಯವಿದೆ. ಅದು ಎಲ್ಲೆಲ್ಲಿ ಇದೆಯೆಂಬುದನ್ನು ಇಂದು ನೋಡೋಣ.

ಮೊದಲು ನಮ್ಮ ನುಡಿಯನ್ನೇ ಕೇಳೋಣ. ಕಾರ್ಮುಗಿಲು ಎಂದರೆ ಮನಸ್ಸು ತಂಪಾಗುತ್ತದೆ; ಕಾರ್ಗತ್ತಲೆ ಎಂದರೆ ಅಳುಕುತ್ತದೆ. ಎರಡರ ಮೊದಲಲ್ಲಿಯೂ ನಿಂತಿರುವುದು ಕಪ್ಪೆಂಬ ಅರ್ಥದ ಒಂದೇ ‘ಕಾರ್’. ಹತ್ತಿ ಬೆಳೆಯುವ ಎರೆನೆಲವೂ ಕಪ್ಪು, ಕಣ್ಣಿಗೆ ಚೆಲುವು ಕೊಡುವ ಕಾಡಿಗೆಯೂ ಕಪ್ಪು. ಹಾಗಾದರೆ ನಮ್ಮನ್ನು ಅಂಜಿಸುವುದು ಬಣ್ಣವೋ, ಬೆಳಕಿನ ಅಭಾವವೋ? ಕಪ್ಪು ಬೇರೆ, ಕತ್ತಲೆ ಬೇರೆ. ಸ್ನಾನದ ಮನೆಯ ಚರ್ಚೆಯಲ್ಲಿ ನಾವು ಮರೆಯುವುದು ಈ ಭೇದವನ್ನೇ.

ನಮ್ಮ ಹಿಂದಿನ ಬಚ್ಚಲುಮನೆ ಕಪ್ಪಾಗಿಯೇ ಇತ್ತು. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಹೂತ ಹಂಡೆ, ಹೊಗೆಯಿಂದ ಮಸಿಗಟ್ಟಿದ ಗೋಡೆ, ಕಾಲಡಿಯಲ್ಲಿ ಒರಟು ಚಪ್ಪಡಿ. ಆದರೂ ಹಂಡೆಯ ಕೆಳಗೆ ಬೆಂಕಿಯ ಕೆಂಪು ಇತ್ತು. ಮಾಡಿನಲ್ಲಿ ಗಾಜಿನ ಹೆಂಚೋ ಗೋಡೆಯಲ್ಲಿ ಬೆಳಕಿಂಡಿಯೋ ಇತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ತೊಳೆದು ಬೆಳಗಿ, ರಂಗೋಲಿಯ ಗೆರೆ ಎಳೆದು, ಹೂವೇರಿಸಿ, ದೀಪವಿಟ್ಟಾಗ ಆ ಮಸಿಯ ಗೋಡೆಯೇ ಅದಕ್ಕೆ ಒಪ್ಪುವ ಹಿನ್ನೆಲೆಯಾಗುತ್ತಿತ್ತು. ಸುಣ್ಣ ಬಳಿದ ಗೋಡೆಯ ಮುಂದೆ ಆ ಶೋಭೆ ಬಾರದು.

ಜಪಾನಿನ ಕಾದಂಬರಿಕಾರ ಜುನಿಚಿರೊ ತನಿಜಾಕಿ 1933ರಲ್ಲಿ ನೆರಳಿನ ಸೊಬಗನ್ನು ಕುರಿತು ಒಂದು ಪ್ರಬಂಧ ಬರೆದರು. ಗೌರವಸ್ಥರು ಬಾಯಿಬಿಟ್ಟು ಆಡದ ಶೌಚಗೃಹದ ವಿಷಯವನ್ನೇ ಅವರು ಆರಂಭದಲ್ಲಿ ಎತ್ತಿಕೊಂಡು, ಹಳೆಯ ಕಾಲದ ಮಂದಬೆಳಕನ್ನು ಹೊಗಳಿ, ಬಿಳಿಯ ಟೈಲುಗಳ ಕಣ್ಣುಕುಕ್ಕುವ ಹೊಳಪಿಗೆ ಬೇಸರಪಟ್ಟರು. ಆದರೆ ಅವರು ಮೆಚ್ಚಿದ ಶೌಚಗೃಹ ಮುಖ್ಯ ಮನೆಯಿಂದ ದೂರ, ಗಿಡಮರಗಳ ನಡುವೆ ಇತ್ತು. ಹೊರಗಿನ ಬೆಳಕು ಸೋಸಿ ಒಳಬರುತ್ತಿತ್ತು. ನಮ್ಮದು ಮಂಚದ ಪಕ್ಕದ ಬಾಗಿಲು; ಬೆಳಕಿಗೆ ಒಂದಡಿಯ ಕಿಟಕಿ ಇದ್ದರೆ ಪುಣ್ಯ. ಆದ್ದರಿಂದ ಇಲ್ಲಿ ಬೆಳಕನ್ನು ನಾವೇ ತರಬೇಕು.

ಕಡುಬಣ್ಣ ಸಣ್ಣ ಕೋಣೆಯನ್ನು ಇನ್ನಷ್ಟು ಸಣ್ಣದು ಮಾಡುವುದಿಲ್ಲವೇ ಎಂದು ಕೇಳಬಹುದು. ಕೋಣೆಯ ಅಳತೆಯನ್ನು ಕಣ್ಣು ಅಂಚುಗಳಿಂದ ತಿಳಿಯುತ್ತದೆ. ಗೋಡೆ ಗೋಡೆಯನ್ನು ಕೂಡುವ ಗೆರೆ ಕಂಡಾಗ ‘ಇಲ್ಲಿಗೆ ಮುಗಿಯಿತು’ ಎನ್ನುತ್ತದೆ. ಕಡುಬಣ್ಣದಲ್ಲಿ ಮೂಲೆಗಳು ಕರಗುತ್ತವೆ, ಕೊನೆ ಮಸುಕಾಗುತ್ತದೆ. ಗರ್ಭಗುಡಿ ಎಷ್ಟು ಕಿರಿದಾದರೂ ದೀಪದ ಹಿಂದಿನ ಆಳಕ್ಕೆ ಕೊನೆಯಿಲ್ಲವೆಂದು ತೋರುವುದಿಲ್ಲವೇ? ಹೋಲಿಕೆ ಬೆಳಕಿನ ಮಟ್ಟಿಗಷ್ಟೇ, ಆಸ್ತಿಕರು ಮನ್ನಿಸಬೇಕು. ಈ ಗುಣ ಕೆಡಬಾರದೆಂದಿದ್ದರೆ ಟೈಲುಗಳ ಸಂದಿಗೆ ಅದೇ ಬಣ್ಣದ ಗಾರೆ ತುಂಬಿಸಬೇಕು. ಕಪ್ಪು ಟೈಲಿನ ನಡುವೆ ಬಿಳಿಯ ಗೆರೆ ಬಿದ್ದರೆ ಗೋಡೆ ಚದುರಂಗದ ಹಾಸಾಗಿ, ಕೋಣೆ ಮತ್ತೆ ಕುಗ್ಗುತ್ತದೆ.

ಇನ್ನು ಬೆಳಕಿನ ಲೆಕ್ಕ. ಹೊಸದಾಗಿ ಬಳಿದ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಿರುಗಿಸುತ್ತದೆ. ಇದ್ದಿಲ ಬಣ್ಣದ ಗೋಡೆ 10 ಪಾಲನ್ನು ಕೊಟ್ಟರೆ ಹೆಚ್ಚು. ಆದ್ದರಿಂದ ಚಾವಣಿಯ ನಡುವಿನ ಒಂದೇ ದೀಪ ಇಲ್ಲಿ ಸಾಲದು. ಚಾವಣಿ ಬಿಳಿಯಾಗಿರಲಿ. ಕನ್ನಡಿಯ ಎರಡು ಪಕ್ಕಗಳಲ್ಲಿ, ಮುಖದ ಎತ್ತರಕ್ಕೆ, ದೀಪಗಳಿರಲಿ. ಸುಮಾರು 3000 ಕೆಲ್ವಿನ್ನಿನ ಹೊಂಬೆಳಕು ಕಡುಬಣ್ಣಕ್ಕೆ ಒಪ್ಪುತ್ತದೆ. ನೀಲಿಛಾಯೆಯ ಬೆಳಕಿನಲ್ಲಿ ಅದೇ ಗೋಡೆ ಹೆಣದಂತೆ ತಣ್ಣಗೆ ಕಾಣುತ್ತದೆ.

ಹಿರಿಯರ ಆಕ್ಷೇಪಕ್ಕೆ ಬಲವಿರುವುದು ಇಲ್ಲಿಯೇ. ಅರುವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಮಗನಿಗೆ ರಮ್ಯವಾದ ಮಬ್ಬು ತಾಯಿಗೆ ಕುರುಡು. ಕಪ್ಪು ನೆಲದ ಮೇಲೆ ನಿಂತ ನೀರು ಕಾಣದು. ನೆಲದ ಬಣ್ಣದ್ದೇ ಮೆಟ್ಟಿಲು ಕಾಣದು. ಒಮ್ಮೆ ಜಾರಿದರೆ ಸೊಂಟದ ಮೂಳೆ, ಆಮೇಲೆ ತಿಂಗಳುಗಟ್ಟಲೆ ಹಾಸಿಗೆ. ಆದ್ದರಿಂದ ಕಡುಬಣ್ಣ ಗೋಡೆಗೆ ಇರಲಿ. ನೆಲ ಒಂದೆರಡು ಛಾಯೆ ತಿಳಿಯಾಗಿ, ಹೊಳಪಿಲ್ಲದೆ, ಒರಟಾಗಿ ಇರಲಿ. ಹೊಸ್ತಿಲಿಗೆ ಬಿಳಿಯ ಪಟ್ಟಿ, ಕಮೋಡು ಬೇಸಿನ್ನುಗಳಿಗೆ ಬಿಳಿಯ ಬಣ್ಣ, ಕೈಗೆಟಕುವಲ್ಲಿ ಒಂದು ಹಿಡಿಕೆ, ರಾತ್ರಿಯಿಡೀ ಉರಿಯುವ ಒಂದು ಪುಟ್ಟ ದೀಪ — ಇವು ಅಲಂಕಾರದ ಲೆಕ್ಕಕ್ಕೆ ಸೇರಿದವಲ್ಲ.

ಕಪ್ಪು ಕೊಳೆಯನ್ನು ಮುಚ್ಚುತ್ತದೆಂಬುದೂ ಭ್ರಮೆ. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸುಣ್ಣದ ಲವಣಗಳಿವೆ. ಹನಿ ಆರಿದಲ್ಲೆಲ್ಲ ಅವು ಬಿಳಿಯ ಕಲೆಯಾಗಿ ನಿಲ್ಲುತ್ತವೆ. ಹೊಳಪಿನ ಕಪ್ಪು ಟೈಲಿನ ಮೇಲೆ ಅದು ವಿಭೂತಿಯಂತೆ ಎದ್ದು ಕಾಣುತ್ತದೆ. ಸ್ನಾನದ ಬಳಿಕ ಗೋಡೆಯನ್ನು ಒಮ್ಮೆ ಒರೆಸುವ ಅಭ್ಯಾಸವಿಲ್ಲದ ಮನೆಗೆ ಅಪ್ಪಟ ಕಪ್ಪಿಗಿಂತ ಹೊಳಪಿಲ್ಲದ ಬೂದು ಮೇಲು. ಕಡಪ ಕಲ್ಲನ್ನು ಬಳಸುವವರು ಒಂದನ್ನು ನೆನಪಿಡಬೇಕು: ಅದು ಸುಣ್ಣದ ಕಲ್ಲಿನ ಜಾತಿ. ನಿಂಬೆಹುಳಿಯಾಗಲಿ ಬಚ್ಚಲು ತೊಳೆಯುವ ಆಸಿಡ್ಡಾಗಲಿ ಅದನ್ನು ತಿಂದು ಮಂಕಾಗಿಸುತ್ತದೆ.

ಇಷ್ಟಕ್ಕೂ ಬಣ್ಣ ಕೊನೆಯ ಮಾತು. ಹಳೆಯ ನೆಲ ಕಿತ್ತ ಮೇಲೆ ನೀರು ಜಿನುಗದ ಲೇಪನ ಆಗಬೇಕು. ಒಂದು ದಿನವಾದರೂ ನೀರು ಕಟ್ಟಿ ನಿಲ್ಲಿಸಿ ಕೆಳಗೆ ಸೋರುವುದೋ ಎಂದು ಪರೀಕ್ಷಿಸಬೇಕು. ಮೀಟರಿಗೆ ಒಂದೂವರೆ ಸೆಂಟಿಮೀಟರಿನಷ್ಟಾದರೂ ಇಳಿಜಾರು ಬಚ್ಚಲ ಕಂಡಿಯ ಕಡೆಗೆ ಇರಬೇಕು. ಹಬೆಯನ್ನು ಹೊರದೂಡುವ ಫ್ಯಾನು ಬೇಕು. ಕಡುಬಣ್ಣದ ಗೋಡೆಯ ಮೇಲೆ ಬೂಷ್ಟು ತಡವಾಗಿ ಕಣ್ಣಿಗೆ ಬೀಳುತ್ತದೆ. ತಡವಾಗಿ ಕಂಡ ರೋಗಕ್ಕೆ ಖರ್ಚು ಹೆಚ್ಚು.

ಕೆಲಸ ಮುಗಿದು ಗಾರೆಯವರು ಹೊರಡುವ ಮುನ್ನ ಒಂದು ಪರೀಕ್ಷೆ ಮಾಡಿ. ಸಂಜೆಯಾದ ಮೇಲೆ ಮಲಗುವ ಕೋಣೆಯ ದೀಪ ಆರಿಸಿ, ಮನೆಯ ಎಲ್ಲರಿಗಿಂತ ಹಿರಿಯರನ್ನು ಸ್ನಾನದ ಮನೆಯ ಬಾಗಿಲಲ್ಲಿ ನಿಲ್ಲಿಸಿ, ಹೆಜ್ಜೆಯಿಡುವ ಜಾಗ ಕಾಣುತ್ತದೆಯೇ ಎಂದು ಕೇಳಿ. ‘ಕಾಣುತ್ತದೆ’ ಎಂದು ಅವರು ಹೇಳಿದರೆ ನಿಮ್ಮ ಗೋಡೆ ಎಷ್ಟು ಕಪ್ಪಾಗಿದ್ದರೂ ಬಾಧಕವಿಲ್ಲ. ತಡವರಿಸಿದರೆ, ಇನ್ನೊಂದು ದೀಪ ಹಾಕಿಸಿ.