‘ಅ’ಕ್ಕಿಂತ ಮೊದಲು ‘ರ’

ದಸರೆ ರಜೆಯಲ್ಲಿ ಊರಿಗೆ ಬಂದ ಮೊಮ್ಮಗಳನ್ನು ಪಕ್ಕ ಕೂರಿಸಿಕೊಂಡ ಅಜ್ಜ, “ಎಲ್ಲಿ, ಅ ಆ ಇ ಈ ಹೇಳು ಪುಟ್ಟಿ” ಅನ್ನುತ್ತಾರೆ. ಪುಟ್ಟಿ ಪಿಳಿಪಿಳಿ ನೋಡುತ್ತಾಳೆ. ಒಂದನೇ ಕ್ಲಾಸಿಗೆ ಸೇರಿ ಇಷ್ಟು ದಿನವಾದರೂ ವರ್ಣಮಾಲೆ ಬಾರದೆ? ಟೀಚರನ್ನೇ ಕೇಳಬೇಕೆಂದು ಅಜ್ಜ ಗೊಣಗುವಷ್ಟರಲ್ಲಿ ಹುಡುಗಿ ಸ್ಲೇಟಿನ ಮೇಲೆ ‘ಗರಗಸ’ ಎಂದು ಬರೆದು ಮುಂದೆ ಹಿಡಿಯುತ್ತಾಳೆ. ನಲಿ-ಕಲಿ ಪದ್ಧತಿಯಲ್ಲಿ ಕಲಿಯುವ ಮಕ್ಕಳ ಮನೆಗಳಲ್ಲಿ ಇಂಥ ಪ್ರಸಂಗ ಹೊಸದೇನಲ್ಲ.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ನಲಿ-ಕಲಿ ಕೋಣೆಯಲ್ಲಿ ಅಕ್ಷರಾಭ್ಯಾಸ ಶುರುವಾಗುವುದು ಅಕಾರದಿಂದಲ್ಲ. ರ, ಗ, ಸ, ದ, ಅ: ಇದು ಮೊದಲ ಕಂತು. ಜ, ವ, ಮ, ಬ, ನ ಎರಡನೆಯದು. ಹಳೆಯ ಕ್ರಮದಲ್ಲಿ ಹದಿಮೂರು ಸ್ವರಗಳನ್ನು ಉರು ಹೊಡೆದ ಮೇಲೂ ಮಗುವಿಗೆ ‘ಆ’, ‘ಈ’, ‘ಓ’ ಬಿಟ್ಟರೆ ಓದಲು ಹೆಚ್ಚೇನೂ ಸಿಗುತ್ತಿರಲಿಲ್ಲ. ಸಾಲದ್ದಕ್ಕೆ ಏಳನೆಯ ಅಕ್ಷರವಾಗಿಯೇ ‘ಋ’ ಎದುರಾಗುತ್ತಿತ್ತು. ಮುಂದೆ ‘ಙ’, ‘ಞ’ಗಳಿಂದ ಶುರುವಾಗುವ ಪದ ಹುಡುಕಲು ಹೋಗಿ ಮೇಷ್ಟ್ರೇ ತಡವರಿಸುತ್ತಿದ್ದುದು ಬೇರೆ ಮಾತು. ಇಲ್ಲಿ ಹಾಗಲ್ಲ. ಐದೇ ಅಕ್ಷರ ಕಲಿತ ಮಗು ಸರ, ದರ, ರಸ, ಅರಸ, ಅಗಸ, ಗರಗಸ ಓದುತ್ತದೆ. ಮೈಸೂರು ಸೀಮೆಯ ಮಗುವಾದರೆ ‘ದಸರ’ ಎಂದೂ ಬರೆದೀತು. ಇನ್ನೈದು ಸೇರಿದರೆ ಮರ, ದನ, ಜನ, ಗಜ, ಬಸವ. ‘ವ’ದ ಕೊನೆಗೊಂದು ಕೊಂಡಿ ಸೇರಿಸಿದರೆ ‘ಮ’ ಆಗುತ್ತದೆಂಬುದನ್ನು ಕಣ್ಣಿಗಿಂತ ಮೊದಲು ಕೈ ಕಂಡುಕೊಳ್ಳುತ್ತದೆ. ಕಾಗುಣಿತದ ಗುರುತುಗಳು ಬರುವುದು ಆಮೇಲೆ, ಒಂದೊಂದಾಗಿ.

ಈ ಪದ್ಧತಿಯ ಹುಟ್ಟೂರು ಹೆಗ್ಗಡದೇವನಕೋಟೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿನ ಶಾಲೆಗಳಲ್ಲಿ ಪ್ರಯೋಗ ಶುರುವಾಯಿತು. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಸಂಸ್ಥೆ ಸುತ್ತಲ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ತಾಲ್ಲೂಕಿನ ಶಿಕ್ಷಕರು ನೋಡಿ ಬಂದರು, ಕಲಿಕೆಯ ಕಾರ್ಡುಗಳನ್ನು ತಾವೇ ಕೂತು ಸಿದ್ಧಪಡಿಸಿದರು. ಕಾಡಂಚಿನ ತಾಲ್ಲೂಕದು. ಕೊಡಗಿನಲ್ಲಿ ಕಾಫಿ ಹಣ್ಣಾದಾಗ ಆದಿವಾಸಿ ಹಾಡಿಗಳಿಂದ ಜನ ಕೂಲಿಗೆ ಹೊರಡುತ್ತಾರೆ, ಮಕ್ಕಳೂ ಜೊತೆಗೆ. ಅಂಥ ಮಗು ವಾರಗಟ್ಟಲೆ ಬಿಟ್ಟು ಮರಳಿದರೆ ಮಾಮೂಲಿ ತರಗತಿಯಲ್ಲಿ ಪಾಠ ಎಲ್ಲಿಗೋ ಹೋಗಿರುತ್ತದೆ. ನಲಿ-ಕಲಿಯಲ್ಲಿ ಅದು ತಾನು ನಿಲ್ಲಿಸಿದ ಮೆಟ್ಟಿಲಿಗೇ ಬಂದು ನಿಲ್ಲಬಹುದು. ಇಡೀ ವ್ಯವಸ್ಥೆಯ ಜಾಣತನವಿರುವುದು ಇಷ್ಟರಲ್ಲೇ.

ಮೆಟ್ಟಿಲು ಅಂದದ್ದು ಸುಮ್ಮನೆ ಅಲ್ಲ. ಗೋಡೆಯ ಮೇಲೆ ‘ಕಲಿಕಾ ಏಣಿ’ ತೂಗುತ್ತಿರುತ್ತದೆ. ಅದರ ತುಂಬ ಪ್ರಾಣಿ, ಪಕ್ಷಿ, ವಾಹನಗಳ ಪುಟ್ಟ ಚಿತ್ರಗಳು. ಇವೇ ಲೋಗೊಗಳು. ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡು ಹುಡುಕಿಕೊಂಡು, ಅದಕ್ಕೆ ಹೇಳಿದ ತಟ್ಟೆಯ ಸುತ್ತ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಒಂದು ಗುಂಪು. ಅಂಥವು ಐದು. ಒಂದರಲ್ಲಿ ಟೀಚರೇ ಕೂತು ಕಲಿಸುತ್ತಾರೆ, ಐದನೆಯದರಲ್ಲಿ ಮಗು ಒಬ್ಬೊಂಟಿ. ನಡುವಿನವುಗಳಲ್ಲಿ ಟೀಚರ್ ಆಗಾಗ ಇಣುಕುತ್ತಾರೆ, ಇಲ್ಲವೇ ಗೆಳೆಯರೇ ಗುರುಗಳು. ಒಂದು, ಎರಡು, ಮೂರನೆಯ ತರಗತಿಗಳು ಒಂದೇ ಕೋಣೆಯಲ್ಲಿರುವುದರಿಂದ ಮೂರರ ಅಕ್ಕ ಒಂದರ ತಮ್ಮನ ಕೈಹಿಡಿದು ‘ಸ’ ತಿದ್ದಿಸುವುದೂ ಉಂಟು. ಒಬ್ಬ ಹುಣಸೆ ಬೀಜ ಎಣಿಸುತ್ತಿರುತ್ತಾನೆ, ಇನ್ನೊಬ್ಬಳು ಕಿಟಕಿಯಾಚೆ ಮೋಡ ನೋಡಿ ಬಂದು ಹವಾಮಾನ ನಕ್ಷೆ ತುಂಬುತ್ತಾಳೆ. ಗದ್ದಲ? ಇರುತ್ತದೆ, ಧಾರಾಳವಾಗಿ.

2009-10ರಲ್ಲಿ ಪದ್ಧತಿ ರಾಜ್ಯದಾದ್ಯಂತ ಹರಡಿತು. ಹೆಗ್ಗಡದೇವನಕೋಟೆಯ ಶಿಕ್ಷಕರು ಬಯಸಿ ಕಟ್ಟಿಕೊಂಡದ್ದು ಉಳಿದವರಿಗೆ ಆದೇಶವಾಗಿ ತಲುಪಿತು, ತರಬೇತಿ ಪಡೆದೂ ಮನಸ್ಸು ಒಗ್ಗದವರಿದ್ದಾರೆ. ಪೋಷಕರ ದೂರು ಬೇರೆ: ಪಠ್ಯಪುಸ್ತಕ ಎಲ್ಲಿ, ಹೋಂವರ್ಕ್ ಎಲ್ಲಿ? ಪಕ್ಕದ ಕಾನ್ವೆಂಟಿನ ಮಗುವಿನ ಬೆನ್ನಿಗೆ ಹೊರಲಾರದ ಬ್ಯಾಗು ಇರುವಾಗ ಈ ಪ್ರಶ್ನೆ ಸಹಜವೇ. ಮೂವತ್ತು ಮಕ್ಕಳು ಮೂವತ್ತು ಮೆಟ್ಟಿಲಲ್ಲಿದ್ದರೆ ಯಾರು ಎಲ್ಲಿದ್ದಾರೆಂದು ‘ಪ್ರಗತಿನೋಟ’ ಎಂಬ ದಾಖಲೆಯಲ್ಲಿ ಗುರುತು ಹಾಕುವುದೇ ಒಂದು ಕೆಲಸ. ಅದರ ಮೇಲೆ ಬಿಸಿಯೂಟದ ಲೆಕ್ಕವನ್ನೂ ಅದೇ ಟೀಚರ್ ಬರೆಯಬೇಕಾದಾಗ ಏಣಿಯ ಯಾವುದೋ ಮೆಟ್ಟಿಲಲ್ಲಿ ಮಗು ಮರೆತೇಹೋಗುವ ಅಪಾಯವಿದೆ. ಪದ್ಧತಿಯ ದೋಷಕ್ಕಿಂತ ಇದು ಕೈ ಸಾಲದ ದೋಷ.

ಕಾರ್ಡುಗಳೂ ಸವೆಯುತ್ತವೆ. ಮೂಲೆ ಮುದುಡುತ್ತದೆ, ಮಳೆಗಾಲದಲ್ಲಿ ಸೋರುವ ಹೆಂಚಿನ ಕೆಳಗೆ ಒಂದಿಷ್ಟು ನೆನೆದು ಅಂಟಿಕೊಳ್ಳುತ್ತವೆ. ಹೊಸದು ಬರುವತನಕ ಕಾಯದ ಟೀಚರುಗಳು ಹಳೆಯ ಲಗ್ನಪತ್ರಿಕೆಗಳನ್ನು ಕೂಡಿಟ್ಟಿರುತ್ತಾರೆ. ಅವುಗಳ ಹಿಂಬದಿಯ ಖಾಲಿ ಜಾಗದಲ್ಲಿ ಸ್ಕೆಚ್ ಪೆನ್ನಿನಿಂದ ಒಂದು ಮೊಲ, ಕೆಳಗೆ ದಪ್ಪಗೆ ‘ಬಸವ’. ಮಗು ಕಾರ್ಡು ತಿರುಗಿಸಿ ವಧೂವರರ ಹೆಸರಿನಲ್ಲಿ ತನಗೆ ಗೊತ್ತಿರುವ ಅಕ್ಷರ ಎಷ್ಟಿವೆಯೆಂದು ಬೆರಳಿಟ್ಟು ಎಣಿಸುತ್ತದೆ.